ಸುರಂಗಕ್ಕೆ ಹಿಡಿದ ಬಿಸಿಲು

“ಆಗುದಿಲ್ಲ” ಎಂದು ಮೊದಲು ಹೇಳಿದವರು ಸುಳ್ಯ ಬಸ್‌ಸ್ಟ್ಯಾಂಡಿನ ಎದುರು ಚಾ ಹೋಟೆಲು ಇಟ್ಟಿದ್ದ ಭಟ್ಟರು.

“ಈಚೆ ಪಕ್ಷದವ ಒಬ್ಬ, ಆಚೆ ಪಕ್ಷದವ ಒಬ್ಬ, ಒಂದೇ ಸ್ಟ್ರೆಚರಿನ ಎರಡು ತುದಿ ಹಿಡಿಯುದಾ? ಒಬ್ಬ ಮೂಡಕ್ಕೆ ಎಳೀತಾನೆ, ಒಬ್ಬ ಪಡುವಕ್ಕೆ. ನಡುವೆ ಮಲಗಿದವ ಎದ್ದು ನಡ್ಕೊಂಡು ಹೋಗ್ಬೇಕಷ್ಟೆ ಮಾರಾಯ.”

ನಾನು ಬಿ.ಎ. ಪಾಸಾಗುವುದೂ ಆಗುವ ಕೆಲಸವಲ್ಲ ಎಂದು ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವರು ಹೇಳಿದ್ದರು. ನಾನು ಆಲೆಟ್ಟಿಯ ತೋಟವೊಂದರಲ್ಲಿ ನೀರು ಕಟ್ಟುವ ಆಳಿನ ಮಗ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾಗಾಗಿ ಭಟ್ಟರ ಮಾತನ್ನು ಚಹಾದ ಜೊತೆಗೆ ಕುಡಿದು ಎದ್ದು ಬಂದೆ.

ಅದು ಅರುವತ್ತರ ದಶಕ. ಚೀನಾ ಯುದ್ಧ ಮುಗಿದ ಮೇಲೆ ಊರೂರಲ್ಲಿ ಸ್ವಯಂಸೇವಕರ ದಳ ಕಟ್ಟುವ ಹುರುಪು ಎದ್ದಿತ್ತು. ನೆರೆ ಬಂದರೆ, ಬೆಂಕಿ ಬಿದ್ದರೆ, ಯಾರಾದರೂ ಬಾವಿಗೆ ಜಾರಿದರೆ ಓಡಬೇಕಾದವರು ನಾವು. ಪುತ್ತೂರಿನಲ್ಲಿ ತರಬೇತಿ ಮುಗಿಸಿ ಬಂದ ನನ್ನನ್ನು ಸುಳ್ಯದ ದಳಕ್ಕೆ ಮೇಲ್ವಿಚಾರಕನೆಂದು ಹಾಕಿದರು. ದಳದಲ್ಲಿ ಬಡಗಿ, ಕ್ಷೌರಿಕ, ಶಾಲೆ ಮಾಸ್ತರು, ಅಡಿಕೆ ಸುಲಿಯುವವರು ಹೀಗೆ ಎಲ್ಲರೂ ಇದ್ದರು. ಅರ್ಧ ಜನ ನಮ್ಮ ಪಕ್ಷ, ಇನ್ನರ್ಧ ಆಚೆ ಪಕ್ಷ. ಪಕ್ಷಗಳ ಹೆಸರು ಬೇಡ. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಒಬ್ಬರ ಮದುವೆಗೆ ಒಬ್ಬರು ಹೋಗುವವರು.

ಆಚೆ ಪಕ್ಷದವರ ಮುಂದಾಳು ಒಬ್ಬ ಬಸ್ ಕಂಡಕ್ಟರು. ನನ್ನ ಪ್ರಾಯದವನೇ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಬಿ.ಎ.ಯವರೆ” ಎನ್ನುತ್ತಿದ್ದ. ಚುನಾವಣೆ ಹತ್ತಿರ ಬಂದಾಗ ಎಲ್ಲರ ಅಂಗಿಯಲ್ಲೂ ಪಕ್ಷದ ಬಿಲ್ಲೆ ಮೊಳೆಯಿತು. ಕವಾಯತಿಗೆ ಬಂದವರು ಬಿಲ್ಲೆ ಬಿಚ್ಚಿ ಒಂದು ತೆಂಗಿನ ಗೆರಟೆಯಲ್ಲಿ ಹಾಕಬೇಕು, ಮುಗಿದ ಮೇಲೆ ತೆಗೆದುಕೊಳ್ಳಬೇಕು ಎಂದು ನಾನು ನಿಯಮ ಮಾಡಿದೆ. ನನ್ನದನ್ನೇ ಮೊದಲು ಹಾಕಿದೆ.

“ಬಿಲ್ಲೆ ತೆಗೀಬಹುದು ಬಿ.ಎ.ಯವರೆ. ಬಿಲ್ಲೆಯ ಅಡಿಯಲ್ಲಿ ಇರುದನ್ನು ಯಾವ ಗೆರಟೆಗೆ ಹಾಕುದು?” ಎಂದ ಕಂಡಕ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕವಾಯತಿಗೆ ಸೀಟಿ ಊದಿದೆ.

ಮತದಾನಕ್ಕೆ ಇನ್ನು ಕೆಲವೇ ದಿನ ಇದ್ದಾಗ, ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಸುದ್ದಿ ಬಂತು: ಆಲೆಟ್ಟಿಯ ಆಚೆ ಗುಡ್ಡದಲ್ಲಿ ಸುರಂಗ ಕುಸಿದಿದೆ, ಅಗೆಯುವವ ಒಳಗಿದ್ದಾನೆ.

ನಮ್ಮಲ್ಲಿ ನೀರಿಗಾಗಿ ಬಾವಿ ಕೆಳಕ್ಕೆ ಮಾತ್ರ ತೋಡುವುದಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿಯೂ ತೋಡುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಗುಡ್ಡದ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಒಳಗೆ ಸಿಕ್ಕಿಬಿದ್ದವ ಯಾರೆಂದು ಕೇಳಿದಾಗ ಕಂಡಕ್ಟರನ ಮುಖ ಬಿಳಿಚಿತು. ಆಚೆ ಪಕ್ಷದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಗಟ್ಟಿ ಘೋಷಣೆ ಕೂಗುವ ಗಂಟಲು ಆ ಅಗೆಯುವವನದು. ನಮ್ಮ ಪಕ್ಷದ ಹಿರಿಯರನ್ನು ಅಣಕಿಸಿ ಹಾಡು ಕಟ್ಟಿದವನೂ ಅವನೇ.

ತಾಲೂಕಿನ ಜೀಪು ಚುನಾವಣೆಯ ಕೆಲಸಕ್ಕೆ ಹೋಗಿತ್ತು. ಕಂಡಕ್ಟರು ನನ್ನ ಕಡೆ ನೋಡಲಿಲ್ಲ, ಹೊರಡಲು ನಿಂತಿದ್ದ ತನ್ನ ಬಸ್ಸಿನ ಬಾಗಿಲು ಬಡಿದು, “ಇದು ಪುತ್ತೂರಿಗೆ ಹೋಗುದಿಲ್ಲ, ಆಲೆಟ್ಟಿಗೆ ಹೋಗುದು. ಇಳಿಯುವವರು ಇಳೀರಿ” ಎಂದ. ಯಾರೂ ಇಳಿಯಲಿಲ್ಲ. “ನಾವೂ ಬರ್ತೇವೆ, ಮಣ್ಣು ಹೊರುಲಿಕ್ಕೆ ಜನ ಬೇಡ್ವಾ?” ಎಂದರು. ಹಗ್ಗ, ಹಾರೆ, ಬುಟ್ಟಿ, ಸ್ಟ್ರೆಚರುಗಳ ಜೊತೆಗೆ ಪುತ್ತೂರಿನ ಕೋರ್ಟಿಗೆ ಹೊರಟವರು, ಮಗುವಿಗೆ ಸೂಜಿ ಹಾಕಿಸಲು ಹೊರಟ ತಾಯಿ ಎಲ್ಲರೂ ಬಂದರು.

ಆ ಪ್ರಯಾಣ ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಬರುತ್ತದೆ. ಬಸ್ಸು ಏದುಸಿರು ಬಿಡುತ್ತಾ ಏರುತ್ತಿದೆ, ಕಿಟಕಿಯಿಂದ ಗೇರುಹೂವಿನ ಪರಿಮಳ ಬರುತ್ತಿದೆ. ನಿದ್ದೆಯಲ್ಲಿ ಆ ಬಸ್ಸು ತಲುಪುವುದೇ ಇಲ್ಲ.

ತಲುಪಿದೆವು. ಗುಡ್ಡದ ಮೂಡು ಮಗ್ಗುಲಲ್ಲಿ ಸುರಂಗದ ಬಾಯಿ ಇತ್ತು. ಹೊರಗೆ ಮಣ್ಣು ಎಳೆಯುತ್ತಿದ್ದ ಅವನ ಹೆಂಡತಿ ಬುಟ್ಟಿಯ ಹಗ್ಗ ಕೈಯಲ್ಲಿ ಹಿಡಿದೇ ಕೂತಿದ್ದಳು. ಹಗ್ಗದ ಇನ್ನೊಂದು ತುದಿ ಮಣ್ಣೊಳಗೆ ಹೋಗಿತ್ತು. “ನಡುವಿನಲ್ಲಿ ಬಿದ್ದದ್ದು. ಅವರು ಅದರಿಂದ ಆಚೆ ಇದ್ದಾರೆ. ಆಗ ಹಗ್ಗ ಒಮ್ಮೆ ಎಳೆದ್ರು” ಎಂದಳು.

ಊರವರು ಆಗಲೇ ನೆರೆದಿದ್ದರು. ಸರಿಯಾಗಿ ನೋಡಬೇಕೆಂದು ಸುರಂಗದ ನೆತ್ತಿಯ ಮೇಲೆಯೇ ಹತ್ತಿ ನಿಂತಿದ್ದರು! ಮೊದಲು ಅವರನ್ನು ಇಳಿಸಿದೆ. ಮೇಲೆ ನಿಂತ ಒಂದೊಂದು ಕಾಲೂ ಒಳಗಿದ್ದವನ ತಲೆಯ ಮೇಲೆ. ನಂತರ ದಳದವರ ಬಿಲ್ಲೆಗಳು ಗೆರಟೆಗೆ ಬಿದ್ದವು. ಆ ದಿನ ಯಾರಿಗೂ ಹೇಳಬೇಕಾಗಲಿಲ್ಲ.

ಮೇಣದಬತ್ತಿ ಹಿಡಿದು ಕುಸಿತದವರೆಗೆ ತೆವಳಿದೆ. ಜ್ವಾಲೆ ಸಣ್ಣದಾಯಿತು, ಆರಲಿಲ್ಲ. ಗೋಡೆಯಲ್ಲಿ ಗಟ್ಟಿ ಕೆಂಪು ಮುರಕಲ್ಲು ಮುಗಿದು ಬಿಳಿ ಶೇಡಿಮಣ್ಣು ಶುರುವಾಗಿತ್ತು, ಬೆರಳಿಟ್ಟರೆ ಬೆಣ್ಣೆ. ಹೊರಗೆ ಬಂದು, ಒಳಗಿನವನಿಗೆ ಗಾಳಿ ಮುಟ್ಟಿಸಲು ಉದ್ದದ ಬಿದಿರು ತರಿಸಿದೆ. ಬಡಗಿ ಕಾದ ಸಲಾಕೆಯಿಂದ ಅದರ ಗಂಟುಗಳನ್ನು ಒಳಗಿಂದ ಸುಟ್ಟು ತೂತು ಮಾಡಿದ. ತುದಿ ಚೂಪು ಮಾಡಿ, ಮಣ್ಣು ತುಂಬದಂತೆ ಬಟ್ಟೆ ಗಿಡಿದು, ಕುಸಿತದ ಮೇಲ್ಭಾಗದಲ್ಲಿ ತಿರುಗಿಸುತ್ತಾ ನೂಕಿದೆವು. ತಡೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಸಪೂರ ಕೋಲಿನಿಂದ ಬಟ್ಟೆಯನ್ನು ಆಚೆ ದಬ್ಬಿ ಕಿವಿ ಇಟ್ಟೆ.

ಮೊದಲು ಉಸಿರು ಕೇಳಿಸಿತು. ಶಂಖದೊಳಗೆ ಕಡಲು ಕೇಳಿಸುವ ಹಾಗೆ.

“ಯಾರು?” ಎಂದಿತು ಬಿದಿರು.

ಹೆಸರು ಹೇಳಿದೆ.

“ನೀನಾ! ಹೊರಗೆ ಎಳೀಬೇಕಾದ್ರೆ ನಿಮಗೇ ವೋಟು ಹಾಕ್ಬೇಕು ಅಂತ ಉಂಟಾ?”

“ಇಲ್ಲ. ಬಾಯಿ ಮುಚ್ಚಿ ಗಾಳಿ ಉಳಿಸಿಕೋ. ಪೆಟ್ಟಾಗಿದೆಯಾ?”

“ಕಾಲೊಂದು ಮಣ್ಣಿನ ಅಡಿಯಲ್ಲಿ ಉಂಟು. ಉಂಟೋ ಇಲ್ವೋ ಅಂತ ಗೊತ್ತಾಗುದಿಲ್ಲ. ಮತ್ತೆ ಒಂದು ವಿಷಯ. ಇಲ್ಲಿ ನೀರು ತೊಟ್ಟಿಕ್ತಾ ಉಂಟು. ಬೆಳಿಗ್ಗೆ ಇರ್ಲಿಲ್ಲ.”

ಅವನ ಹೆಂಡತಿ ಬಿದಿರಿಗೆ ಬಾಯಿಟ್ಟು ಗಂಜಿತಿಳಿ ಬರುತ್ತದೆ, ಬಾಯಿ ಕೊಡಿ ಎಂದಳು. ನಾನು ಹೊರಗೆ ಬಂದು ಗುಡ್ಡ ನೋಡಿದೆ. ಸುರಂಗದ ಮೇಲ್ಗಡೆ ಬದು ಕಟ್ಟಿ ನೀರು ನಿಲ್ಲಿಸಿದ ಕೆರೆಯೊಂದು ಇದೆ ಎಂದು ನನಗೆ ಬಾಲ್ಯದಿಂದ ಗೊತ್ತು. ಅದೇ ನೀರು ಮಣ್ಣಿಗೆ ಇಳಿಯುತ್ತಿತ್ತು. ಒದ್ದೆ ಶೇಡಿಮಣ್ಣಿನಲ್ಲಿ ಹಾರೆ ಹಾಕಿದರೆ, ತೆಗೆದಷ್ಟೂ ಮೇಲಿಂದ ಬರುತ್ತದೆ. ಮೊದಲು ಕೆರೆ ಖಾಲಿಯಾಗಬೇಕು. ತೂಬು ತೆಗೆದರೆ ನೀರು ತೋಟದ ಕಡೆಗೆ, ಅಂದರೆ ನೇರ ಸುರಂಗದ ಬಾಯಿಗೆ ಬರುತ್ತದೆ. ಆಚೆ ಬದಿಯ ಬದುವನ್ನೇ ಕಡಿದು ಹಳ್ಳದ ತೋಡಿಗೆ ಬಿಡಬೇಕು.

ಹಾರೆ ಹಿಡಿದು ಅಗೆಯಲು ಹೊರಟವರಿಗೆ, “ಅಗೆಯುದು ನಿಲ್ಲಿಸಿ. ನಾನು ಮೇಲೆ ಹೋಗಿ ಬರುವವರೆಗೆ ಯಾರೂ ಹಾರೆ ಮುಟ್ಟಬೇಡಿ” ಎಂದೆ.

ಕಂಡಕ್ಟರು ಎದುರು ಬಂದ. “ಯಾಕೆ ನಿಲ್ಲಿಸುದು? ಒಳಗೆ ಇರುದು ನಮ್ಮವ ಅಂತಲಾ?”

“ಮಣ್ಣು ಒದ್ದೆ ಅಂತ.”

“ನಿಮ್ಮವ ಆಗಿದ್ರೂ ಒದ್ದೆ ಅಂತಿದ್ರಾ, ಬಿ.ಎ.ಯವರೆ?”

ವಿವರಿಸುತ್ತಾ ನಿಲ್ಲಲು ಹೊತ್ತಿರಲಿಲ್ಲ. ಹತ್ತಿದೆ.

ಕೆರೆ ನಮ್ಮ ಪಕ್ಷದ ಹಿರಿಯರೊಬ್ಬರದು. ನನ್ನ ಕೆಲಸಕ್ಕೆ ಶಿಫಾರಸು ಮಾಡಿದವರು, ನನ್ನ ಅಪ್ಪನಿಗೆ ಅನ್ನ ಕೊಟ್ಟವರು. ಅಪ್ಪ ಆ ಕೆರೆಯ ತೂಬು ತೆಗೆದು ಮುಚ್ಚಿಯೇ ಮುದುಕನಾದವ. ಹಿರಿಯರು, ಅಪ್ಪ ಇಬ್ಬರೂ ಬದುವಿನ ಮೇಲೆ ಇದ್ದರು. ನೀರು ನಿಶ್ಚಲವಾಗಿತ್ತು, ಅದರಲ್ಲಿ ಒಂದು ಮೋಡ ಅಲ್ಲಾಡದೆ ನಿಂತಿತ್ತು.

ನಾನು ಹೇಳಿದ್ದನ್ನೆಲ್ಲ ಹಿರಿಯರು ಕೇಳಿದರು. ಅವರು ಕೆಟ್ಟವರಲ್ಲ. “ನೋಡು,” ಎಂದರು, “ಈ ನೀರು ಹೋದ್ರೆ ಮಳೆಗಾಲದವರೆಗೆ ತೋಟಕ್ಕೆ ಎಂತ ಕುಡಿಸುದು? ಕೆಳಗೆ ಎಷ್ಟು ಮನೆಯವರು ಈ ತೋಟ ನಂಬಿದ್ದಾರೆ, ನಿನ್ನ ಅಪ್ಪನೂ ಸೇರಿ. ಅಗೆದು ತೆಗೀರಿ, ನಾನು ಆಳು ಕೊಡ್ತೇನೆ. ಕೆರೆ ಮಾತ್ರ ಬೇಡ.”

“ಅಗೆದರೆ ಬೀಳ್ತದೆ.”

“ಬೀಳ್ತದೆ ಅಂತ ನಿನಗೆ ಪುಸ್ತಕದಲ್ಲಿ ಬರೆದು ಕೊಟ್ಟಿದ್ದಾರಾ? ಹೋಗಲಿ, ಯಾರಿಗಾಗಿ? ಮೊನ್ನೆ ಪೇಟೆಯಲ್ಲಿ ನನ್ನ ಹೆಸರು ಸೇರಿಸಿ ಹಾಡು ಹೇಳಿದನಲ್ಲ, ಅವನಿಗಾಗಿಯಾ? ನಾಳೆ ಇದೇ ಜನ ಏನು ಹೇಳ್ತಾರೆ ಗೊತ್ತುಂಟಾ? ನಮ್ಮ ಹುಡುಗನೇ ನಮ್ಮ ಕೆರೆ ಒಡೆದ ಅಂತ.”

ಅಪ್ಪ ತಲೆ ತಗ್ಗಿಸಿಯೇ ಹೇಳಿದ: “ಬೇಡ ಮಗ. ಇವರ ಮಾತು ಮೀರುದು ಬೇಡ.”

ನನಗೆ ಬಂದದ್ದು ಸಿಟ್ಟಲ್ಲ. ಮಾತುಗಳೆಲ್ಲ ದೂರದಿಂದ, ನೀರಿನ ಆಚೆಯಿಂದ ಬರುತ್ತಿರುವ ಹಾಗೆ ಇತ್ತು. ಒಂದು ಮಾತ್ರ ಸ್ಪಷ್ಟವಿತ್ತು: ಬಿದಿರಿನೊಳಗಿನ ಆ ಉಸಿರು.

“ನಾನು ಇವತ್ತು ನಿಮ್ಮ ಪಕ್ಷದವನಾಗಿ ಬಂದದ್ದಲ್ಲ,” ಎಂದೆ ಹಿರಿಯರಿಗೆ. “ಚುನಾವಣೆಯ ದಿನ ಬರ್ತೇನೆ. ಇವತ್ತು ದಳದಿಂದ ಬಂದದ್ದು. ಹಾನಿಗೆ ದೂರು ಕೊಡಿ, ಒಪ್ಪಿಕೊಳ್ತೇನೆ.”

ಅಪ್ಪನ ಬಳಿ ಒರಗಿಸಿದ್ದ ಹಾರೆ ತೆಗೆದುಕೊಂಡು ಆಚೆ ತುದಿಯ ಬದುವಿಗೆ ಹಾಕಿದೆ. ಅಪ್ಪ ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ತಿರುಗಿ ನಿಂತ.

ಬದು ಗಟ್ಟಿಯಾಗಿತ್ತು, ವರ್ಷ ವರ್ಷ ಅಪ್ಪನೇ ಮೆತ್ತಿದ ಮಣ್ಣು. ಮೊಣಕಾಲಿನವರೆಗೆ ತೋಡುವಷ್ಟರಲ್ಲಿ ಕೈ ಬಿದ್ದುಹೋಯಿತು. ಆಗ ಕೆಳಗಿನಿಂದ ಕಂಡಕ್ಟರು ಓಡುತ್ತಾ ಬಂದ. ಮೈಯೆಲ್ಲ ಬಿಳಿ ಮಣ್ಣು.

“ಬಿತ್ತು,” ಎಂದ. “ನಾವು ಅಗೆದೆವು. ಬಿದಿರು ಮುರಿಯಿತು. ಈಗ ಅವನ ಸದ್ದಿಲ್ಲ.”

ನನ್ನ ಕೈಯಲ್ಲಿದ್ದ ಹಾರೆ ನೋಡಿದ, ಕಡಿದ ಬದು ನೋಡಿದ, ಬೆನ್ನು ತಿರುಗಿಸಿ ನಿಂತಿದ್ದ ನನ್ನ ಅಪ್ಪನನ್ನೂ ಹಿರಿಯರನ್ನೂ ನೋಡಿದ. ಹಾರೆ ನನ್ನ ಕೈಯಿಂದ ತೆಗೆದುಕೊಂಡು ತಾನು ಕಡಿಯತೊಡಗಿದ.

ನೀರು ಮೊದಲು ಒಂದು ನಾಲಿಗೆಯಷ್ಟೇ ಹೊರಬಂತು. ಆಮೇಲೆ ಬದುವಿನ ಬಾಯಿಯೇ ಬಿರಿದು, ಕೆರೆ ಎದ್ದು ತೋಡಿಗೆ ನಡೆದು ಹೋಯಿತು. ಮೋಡವೂ ಅದರ ಜೊತೆ ಹೋಯಿತು.

ಕೆಳಗೆ ಬಂದ ಮೇಲಿನದು ಎಲ್ಲಕ್ಕಿಂತ ಕಷ್ಟದ ಕೆಲಸ: ಕಾಯುವುದು. ಮಣ್ಣಿನ ನೀರು ಬಸಿಯುವವರೆಗೆ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ಅಡಿಕೆಮರ ಸೀಳಿಸಿ ಚೂಪು ಸಲಾಕೆ ಮಾಡಿಸಿದೆ, ಇನ್ನೊಂದು ಬಿದಿರು ಸುಡಿಸಿದೆ. ಕಂಡಕ್ಟರು ಹೇಳಿದ್ದೆಲ್ಲ ಮಾಡಿದ. ಸುರಂಗ ಅಗೆಸುತ್ತಿದ್ದ ಮನೆಯವರಲ್ಲಿ ಕಪಾಟಿನ ಆಳೆತ್ತರದ ಕನ್ನಡಿ ಇತ್ತು. ಅದನ್ನು ಬಿಚ್ಚಿ ತರಿಸಿದೆ. ಒಳಗೆ ದೀಪ ಹೊತ್ತಿಸಿದರೆ ಇದ್ದ ಗಾಳಿಯನ್ನೂ ಅದು ತಿನ್ನುತ್ತದೆ.

ಎರಡನೆಯ ಬಿದಿರು ಪಕ್ಕದಿಂದ ಹೋಯಿತು. ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಅವನ ಹೆಂಡತಿ ನನ್ನನ್ನು ಸರಿಸಿ ತಾನು ಬಾಯಿಟ್ಟು ಒಂದು ಕೂ ಹಾಕಿದಳು. ಗುಡ್ಡದಿಂದ ಗುಡ್ಡಕ್ಕೆ ಊಟಕ್ಕೆ ಕರೆಯುವಾಗ ನಮ್ಮವರು ಹಾಕುವ ಕೂ. ಆಮೇಲೆ ಒಳಗಿನಿಂದ, ಕನಸಿನಲ್ಲಿ ಯಾರೋ ಮಗ್ಗುಲಾದಂತೆ, ಒಂದು ಕ್ಷೀಣ ಕೂ ಬಂತು.

ಕನ್ನಡಿ ಹಿಡಿದವರು ಬಸ್ಸಿನ ಪ್ರಯಾಣಿಕರು. ಬಿಸಿಲನ್ನು ಕನ್ನಡಿಗೆ ಹಾಯಿಸಿ ಸುರಂಗದೊಳಗೆ ಬಿಟ್ಟಾಗ ಬಿಳಿ ಗೋಡೆಗಳು ಹಾಲಿನ ಹಾಗೆ ಬೆಳಗಿದವು. ಮುಂದೆ ನಾನು, ಹಿಂದೆ ಕಂಡಕ್ಟರು, ಅವನ ಹಿಂದೆ ಬುಟ್ಟಿಯ ಸಾಲು. “ಮೊದಲು ಮಾಡು, ಆಮೇಲೆ ಮನೆ” ಎಂಬುದು ದಳಕ್ಕೆ ನಾನು ಕಲಿಸಿದ್ದ ಪಾಠ; ಮಾಡು ಅಂದರೆ ಸೂರು. ಸಲಾಕೆಗಳನ್ನು ತಲೆಯ ಮೇಲ್ಗಡೆ ಕುಸಿತದೊಳಗೆ ಒತ್ತೊತ್ತಾಗಿ ಹೊಡೆದು ಸೂರು ಮಾಡಿಕೊಳ್ಳುವುದು, ಅದರ ಅಡಿಯ ಮಣ್ಣನ್ನು ಮಾತ್ರ ಕೈಯಲ್ಲಿ ಬಗೆದು ಹಿಂದಕ್ಕೆ ಕೊಡುವುದು, ಸೂರಿಗೆ ಊರುಗೋಲು ಕೊಡುವುದು, ಮತ್ತೆ ಸಲಾಕೆ ಹೊಡೆಯುವುದು. ಅವಸರವಿಲ್ಲ. ಹೊರಗಿನ ಲೋಕದ ಸದ್ದು ಒಂದೂ ಇಲ್ಲ. ನನ್ನ ಉಸಿರು, ಹಿಂದಿನವನ ಉಸಿರು, ಬೆಳಕಿನಲ್ಲಿ ತೇಲುವ ಧೂಳು. ತಾಯಿಯ ಹೊಟ್ಟೆಯೊಳಗೆ ಇದ್ದದ್ದು ನೆನಪಿರುವುದಾದರೆ ಹೀಗೇ ಇರಬೇಕು ಎಂದುಕೊಂಡೆ.

ಮಧ್ಯಾಹ್ನ ಇಳಿದಾಗ ಗುಡ್ಡದ ನೆರಳು ಕನ್ನಡಿಯ ಮೇಲೆ ಬಿತ್ತು. ಒಳಗೆ ಕತ್ತಲಾಯಿತು. ಕೈ ನಿಲ್ಲಿಸಿ ಕಾದೆವು. ಹೊರಗಿನವರು ಕನ್ನಡಿ ಎತ್ತಿಕೊಂಡು ನೆರಳಿನಿಂದ ಕೆಳಕ್ಕೆ, ಗದ್ದೆಯ ಬಿಸಿಲಿಗೆ ಇಳಿದರು. ಬೆಳಕು ನಡುಗುತ್ತಾ ಮರಳಿತು. ನೆರಳು ಬೆನ್ನಟ್ಟಿದಂತೆ ಅವರು ಹಿಮ್ಮುಖವಾಗಿ ನಡೆದು ನಡೆದು ಗದ್ದೆಯ ಆಚೆ ಬದಿಗೆ ಹೋದರು. ನಾನು ಅದನ್ನು ಕಣ್ಣಾರೆ ನೋಡಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಕಾಣಿಸುತ್ತದೆ: ಒಂದು ಗುಂಪು ಜನ, ಅವರ ಕೈಯಲ್ಲಿ ಸೂರ್ಯ, ಹಿಂದೆ ಹಿಂದೆ ಹೋಗುತ್ತಿದ್ದಾರೆ.

“ಬಿ.ಎ.ಯವರೆ,” ಎಂದ ಹಿಂದಿನಿಂದ ಕಂಡಕ್ಟರು. “ಆಗ ನಾವು ಅಗೆದದ್ದಕ್ಕೆ ಅವ ಸತ್ರೆ...”

“ಸಲಾಕೆ ಕೊಡು” ಎಂದೆ.

ಕೊಟ್ಟ. ಅದನ್ನು ಹೊಡೆದಾಗ ಅದು ಟೊಳ್ಳಿಗೆ ಹೋಯಿತು. ಕೈಯಲ್ಲಿ ಬಗೆದೆ. ಮಣ್ಣಿನ ನಡುವೆ ಇನ್ನೊಂದು ಕೈ ಬೆಚ್ಚಗೆ ನನ್ನ ಬೆರಳು ಹಿಡಿಯಿತು.

“ನಮ್ಮವರು ಯಾರೂ ಬರ್ಲಿಲ್ವಾ?” ಎಂದ ಅವನು. ಸ್ವರ ಒಣಗಿ ಚಕ್ಕೆಯಾಗಿತ್ತು.

“ನಾನಿದ್ದೇನೆ ಮಾರಾಯ, ಹಿಂದೆ ಮಣ್ಣು ಹೊರ್ತಾ ಇದ್ದೇನೆ” ಎಂದು ಕಂಡಕ್ಟರು ಕೂಗಿದ.

“ಹಾಗೇ ಆಗುದು. ಮಣ್ಣು ಹೊರುಲಿಕ್ಕೆ ನಾವು, ಹೆಸರು ಗಳಿಸ್ಲಿಕ್ಕೆ ಅವರು.”

ಆ ಇಕ್ಕಟ್ಟಿನಲ್ಲಿ ನಾವು ಮೂವರೂ ನಕ್ಕೆವು. ಮಣ್ಣು ಉದುರಿತು. ನಗು ನಿಲ್ಲಿಸಿದೆವು.

ಕಾಲು ಬಿಡಿಸಲು ಬಹಳ ಹೊತ್ತು ಬೇಕಾಯಿತು. ಮುರಿದಿತ್ತು. ಅಲ್ಲಿಯೇ ಬಿದಿರಿನ ಸೀಳಿಟ್ಟು ಕಟ್ಟಿದೆ. ಸ್ಟ್ರೆಚರು ಒಳಗೆ ತಿರುಗುವಂತಿರಲಿಲ್ಲ. ಅಡಿಕೆ ಹಾಳೆಗಳನ್ನು ಒಂದಕ್ಕೊಂದು ಹೊಲಿಸಿ ತರಿಸಿದೆ. ಹಾಳೆಯ ನುಣುಪಿನಲ್ಲಿ ಅವನನ್ನು ಮಲಗಿಸಿ ಎಳೆದಾಗ, ಗುಡ್ಡೆ ಜಾರುವ ಮಕ್ಕಳ ಆಟದ ಹಾಗೆ, ಅವನು ತೊಂದರೆಯಿಲ್ಲದೆ ಜಾರಿ ಬಂದ. ಹೊರಗೆ ಇನ್ನೂ ಬೆಳಕಿತ್ತು. ದೂರದ ಗದ್ದೆಯಲ್ಲಿ ಕನ್ನಡಿ ಹಿಡಿದವರು ಸುದ್ದಿ ತಿಳಿಯದೆ ಹಿಡಿದೇ ಇದ್ದರು. ಹೆಂಡತಿ ಅವನ ಮುಖದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಸ್ಟ್ರೆಚರಿನ ಮುಂದಿನ ತುದಿ ನಾನು ಹಿಡಿದೆ, ಹಿಂದಿನದು ಕಂಡಕ್ಟರು. ಬಸ್ಸು ಅವನನ್ನು ಹೊತ್ತು ಪುತ್ತೂರಿನ ಆಸ್ಪತ್ರೆಗೆ ಹೋಯಿತು. ಅಂತೂ ಪ್ರಯಾಣಿಕರೂ ಪುತ್ತೂರು ಮುಟ್ಟಿದರು.

ಅವನು ಬದುಕಿದ. ಸ್ವಲ್ಪ ಕುಂಟುತ್ತಿದ್ದ, ಘೋಷಣೆಯ ಸ್ವರ ಮಾತ್ರ ಮೊದಲಿನಷ್ಟೇ ಗಟ್ಟಿ. ಚುನಾವಣೆಯಲ್ಲಿ ನಾನು ನನ್ನ ಪಕ್ಷಕ್ಕೇ ವೋಟು ಹಾಕಿದೆ, ಕಂಡಕ್ಟರು ತನ್ನದಕ್ಕೆ. ಅದರಲ್ಲಿ ನಾವು ಯಾರೂ ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ.

ಹಿರಿಯರು ದೂರು ಕೊಟ್ಟರು. ವಿಚಾರಣೆಯಲ್ಲಿ ನಾನು ಒಪ್ಪಿಕೊಂಡೆ. ಬದು ಕಟ್ಟಿಕೊಡುತ್ತೇವೆ ಎಂದು ದಳವೇ ಹೇಳಿತು. ಎರಡು ಪಕ್ಷದವರೂ ಮಣ್ಣು ಹೊತ್ತು ಕಟ್ಟಿದೆವು. ಆ ಬೇಸಿಗೆ ತೋಟದ ಕೆಲವು ಮರಗಳು ಒಣಗಿದವು. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟ. ನಾನು ಮನೆಗೆ ಹೋದರೆ ಅವನು ತೋಟಕ್ಕೆ ಹೋಗುತ್ತಿದ್ದ.

ಮಳೆ ಹಿಡಿಯುವ ಮೊದಲು ದಳಕ್ಕೆ ಪ್ರಮಾಣಪತ್ರ ಕೊಡುವ ಸಭೆ ಸುಳ್ಯದ ಶಾಲೆಯೊಂದರಲ್ಲಿ ನಡೆಯಿತು. ಅಧಿಕಾರಿಗಳು ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ಕಂಡಕ್ಟರನ ಸರದಿ ಬಂದಾಗ ಅದನ್ನು ನನ್ನ ಕೈಯಿಂದ ಕೊಡಿಸಿದರು. ನನ್ನದನ್ನು ಅಧಿಕಾರಿಗಳೇ ಕೊಟ್ಟರು. ವೇದಿಕೆ ಇಳಿದಾಗ ಕಂಡದ್ದು, ಹಿಂದಿನ ಬೆಂಚಿನ ತುದಿಯಲ್ಲಿ ತೊಳೆದ ಅಂಗಿ ಹಾಕಿ ಕೂತ ಅಪ್ಪ. ಯಾರು ಹೇಳಿದರೋ, ಹೇಗೆ ಬಂದನೋ.

ಎದುರು ಹೋಗಿ ನಿಂತೆ. ಅಪ್ಪ ಕೈ ಚಾಚಿ ಪ್ರಮಾಣಪತ್ರ ತೆಗೆದುಕೊಂಡ. ಓದು ಬಾರದವ. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

“ಇದರಲ್ಲಿ ಪಕ್ಷದ ಹೆಸರು ಎಲ್ಲಿಯಾದ್ರೂ ಉಂಟಾ?” ಎಂದು ಕೇಳಿದ.

“ಇಲ್ಲ ಅಪ್ಪ.”

ಅವನು ಅದನ್ನು ಮಡಚದೆ, ಎರಡೂ ಕೈಯಲ್ಲಿ ನನಗೆ ಮರಳಿ ಕೊಟ್ಟ.

“ಹಾಗಾದ್ರೆ ಇದನ್ನು ಹಿಡ್ಕೊಂಡು ಯಾರ ಅಂಗಳಕ್ಕೆ ಬೇಕಾದ್ರೂ ಹೋಗ್ಬಹುದು. ಬಾ, ಊಟಕ್ಕೆ ಮನೆಗೆ ಹೋಗುವ.”